ಆವಲಪ್ಪ ಉಳಿದುಕೊಂಡ ಗುಡ್ಡ

ಸೋಮವಾರ ಬೂದಿಗೆರೆಯಲ್ಲಿ ಯಾರೂ ಎತ್ತಿಗೆ ನೊಗ ಹೂಡುವುದಿಲ್ಲ. ಗೋಪಾಲಪ್ಪ ಮನೆ ಬಿಡುತ್ತಿದ್ದುದು ಆ ದಿನವೇ. ಬೆಳಕು ಹರಿಯುವಷ್ಟರಲ್ಲಿ ಮುಖ ತೊಳೆದು, ಮಿಲಿಟರಿಯಿಂದ ತಂದ ಬೂಟು ಕಟ್ಟಿಕೊಂಡು, ಹೆಂಡತಿ ಕೊಟ್ಟ ಬುತ್ತಿಯನ್ನು ಹೆಗಲಿಗೆ ಹಾಕಿಕೊಂಡು, ಎಡಗಾಲನ್ನು ಒಂದಿಷ್ಟು ಎಳೆಯುತ್ತ ಕೆರೆ ಏರಿಯ ಮೇಲೆ ಹೊರಡುತ್ತಿದ್ದ. ದೊಡ್ಡ ರಸ್ತೆಯವರೆಗೆ ನಡೆದು, ಹೊಸಕೋಟೆಗೆ ಬಸ್ಸು ಹಿಡಿದು, ಅಲ್ಲಿಂದ ಮತ್ತೆ ನಡೆದು ಅನುಗೊಂಡನಹಳ್ಳಿ ಸೇರಬೇಕು. ಅಂದೇ ತಿರುಗಿ ಬರಲು ಆಗುತ್ತಿರಲಿಲ್ಲ. ಮಂಗಳವಾರ ಹೊತ್ತೇರಿದ ಮೇಲೆ ಬರುತ್ತಿದ್ದ, ಕೈಯೆಲ್ಲ ಗೀರು, ಬಟ್ಟೆಯೆಲ್ಲ ಮಣ್ಣು.

"ಯಾಕೆ ಹೋಗ್ತೀರಿ?" ಎಂದು ಪಿಳ್ಳಮ್ಮ ಒಂದು ಸಲ ಕೇಳಿದ್ದಳು.

"ಆವ್ಲಣ್ಣನ ಮನೆಗೆ."

"ಎಲ್ಲಿಗೆ ಅಂತ ಕೇಳ್ಲಿಲ್ಲ. ಯಾಕೆ ಅಂತ ಕೇಳಿದ್ದು."

ಅವನು ಬೂಟಿನ ದಾರ ಬಿಗಿದು ಎದ್ದು ಹೊರಟಿದ್ದ.

ಆವಲಪ್ಪ ಬರ್ಮಾ ಗಡಿಯಲ್ಲಿ ಸತ್ತು ಎರಡು ವರ್ಷ ದಾಟಿತ್ತು. ಆ ಮನೆಯಲ್ಲಿ ಈಗ ಇದ್ದವರು ಅವನ ಮುದಿ ತಂದೆ ಮತ್ತು ಹೆಂಡತಿ ಅನುಸೂಯಮ್ಮ. ಮಕ್ಕಳಿರಲಿಲ್ಲ. ಇಷ್ಟು ಪಿಳ್ಳಮ್ಮನಿಗೆ ಗೊತ್ತಿತ್ತು. ಉಳಿದದ್ದನ್ನು ಅವಳೇ ಕಟ್ಟಿಕೊಂಡಿದ್ದಳು. ಅನುಸೂಯಮ್ಮ ಎತ್ತರದವಳು, ಕೆಂಪಗಿನವಳು. ತಲೆಗೂದಲು ಸೊಂಟದ ಕೆಳಗೆ ಬರುತ್ತದೆ. ಮಾತಾಡುವಾಗ ದನಿ ಏರಿಸುವುದಿಲ್ಲ. ರೊಟ್ಟಿ ತಟ್ಟುವಾಗ, ಸಗಣಿ ಬಾಚುವಾಗ, ಪಿಳ್ಳಮ್ಮ ಆ ಹೆಂಗಸಿಗೆ ದಿನಕ್ಕೊಂದು ಅಂದ ಸೇರಿಸುತ್ತಿದ್ದಳು, ಆಮೇಲೆ ಆ ಅಂದಕ್ಕೇ ಉರಿದುಕೊಳ್ಳುತ್ತಿದ್ದಳು.

ಪಿಳ್ಳಮ್ಮನ ಮದುವೆಯಾದದ್ದು ನಲವತ್ತೊಂದರಲ್ಲಿ. ಮಾರನೇ ವರ್ಷವೇ ಗೋಪಾಲಪ್ಪ ಬೆಂಗಳೂರಿಗೆ ಹೋಗಿ ಸೈನ್ಯಕ್ಕೆ ಸೇರಿದ. ಅಲ್ಲಿ ಪರಿಚಯವಾದವನು ಆವಲಪ್ಪ, ಇವನಿಗಿಂತ ಐದಾರು ವರ್ಷ ದೊಡ್ಡವನು. ವಿಮಾನದಿಂದ ಜಿಗಿಯುವ ಪಡೆಗೆ ಮನಸ್ಸಿದ್ದವರು ಮುಂದೆ ಬರಲಿ ಎಂದಾಗ ಆವಲಪ್ಪ ಕೈಯೆತ್ತಿದ, ಅವನ ಹಿಂದೆ ಇವನೂ ಎತ್ತಿದ. ಕೈಯೆತ್ತಿದವರಲ್ಲಿ ಬಹಳ ಜನ ಓಡಿ ಓಡಿ ಸುಸ್ತಾಗಿ, ಇಲ್ಲವೇ ವಿಮಾನದ ಬಾಗಿಲಲ್ಲಿ ನಿಂತು ಜಿಗಿಯಲಾರದೆ, ತಿರುಗಿ ಹೋದರು. ಇವರಿಬ್ಬರೂ ಉಳಿದರು. ತೋಳಿನ ಮೇಲೆ ರೆಕ್ಕೆಯ ಗುರುತು ಬಂತು. ಯುದ್ಧ ಮುಗಿದು, ನಲವತ್ತಾರರ ಯುಗಾದಿ ಕಳೆದ ಮೇಲೆ ಗೋಪಾಲಪ್ಪ ಊರಿಗೆ ಬಂದಾಗ ಜನ ಅವನಿಗೆ 'ಕೊಡೆ ಸಿಪಾಯಿ' ಎಂದು ಹೆಸರಿಟ್ಟರು. ಅರಳಿಕಟ್ಟೆಯ ಮೇಲೆ ಕೂರಿಸಿಕೊಂಡು ಮೇಲಿಂದ ನೋಡಿದರೆ ಭೂಮಿ ಹೇಗೆ ಕಾಣುತ್ತದೆ, ಕೊಡೆ ಬಿಚ್ಚದಿದ್ದರೆ ಏನು ಗತಿ ಎಂದು ಕೇಳುತ್ತಿದ್ದರು. ಅದನ್ನೆಲ್ಲ ಅವನು ನಗುನಗುತ್ತ ಹೇಳುತ್ತಿದ್ದ. ಗಡಿಯ ಗುಡ್ಡದ ಕಾಳಗದ ಮಾತು ಬಂದರೆ ಮಾತ್ರ ಬೀಡಿ ಹಚ್ಚಿಕೊಂಡು ಎದ್ದು ಹೋಗುತ್ತಿದ್ದ.

ಮನೆಯೊಳಗೆ ಆ ನಗುವೂ ಇರಲಿಲ್ಲ. ನಿದ್ದೆಯಲ್ಲಿ ಒಮ್ಮೊಮ್ಮೆ "ಆವ್ಲಣ್ಣಾ" ಎಂದು ಕೂಗಿ ಎದ್ದು ಕೂರುತ್ತಿದ್ದ. ಪಿಳ್ಳಮ್ಮ ಭುಜ ಹಿಡಿದರೆ, ಯಾರಿವಳು ಎನ್ನುವ ಹಾಗೆ ನೋಡುತ್ತಿದ್ದ. ನಾಲ್ಕು ವರ್ಷ ಅತ್ತೆಯ ಜೊತೆ ಬೇಸಾಯ ಮಾಡಿಕೊಂಡು, ಊರವರ ಬಾಯಿಗೆ ಬೀಳದ ಹಾಗೆ ಕಾದಿದ್ದವಳು ಅವಳು. ಬಂದ ಗಂಡನ ಬಾಯಲ್ಲಿ ಬೇರೆಯವರ ಹೆಸರು, ಕಾಲು ಬೇರೆಯವರ ಮನೆ ಕಡೆಗೆ.

ಅವನ ಟ್ರಂಕಿನಲ್ಲಿ ಒಂದು ಬಿಳಿ ಬಟ್ಟೆಯಿತ್ತು. ರೇಷ್ಮೆ. ಹರಿದ ಕೊಡೆಯ ತುಂಡು ಎಂದು ಗೋಪಾಲಪ್ಪ ಹೇಳಿದ್ದ. ಕೈಯಲ್ಲಿ ಹಿಡಿದರೆ ನೀರಿನ ಹಾಗೆ ಜಾರುತ್ತಿತ್ತು. ಎರಡು ರವಿಕೆಗೆ ಆಗುತ್ತದೆ ಎಂದು ಪಿಳ್ಳಮ್ಮ ಮನಸ್ಸಿನಲ್ಲೇ ಅಳತೆ ಹಾಕಿದ್ದಳು. ದೀಪಾವಳಿಗೆ ತಾನಾಗಿಯೇ ಕೊಟ್ಟಾನು ಎಂದು ಕೇಳದೆ ಇದ್ದಳು. ದೀಪಾವಳಿ ಬಂತು. ಹಬ್ಬದ ಮುಂಚಿನ ಸೋಮವಾರ ಅವನು ಹೋಗಿ ಬಂದ ಮೇಲೆ ಟ್ರಂಕು ತೆಗೆದು ನೋಡಿದರೆ ಬಟ್ಟೆ ಇರಲಿಲ್ಲ.

"ಆ ಬಿಳೀ ಬಟ್ಟೆ ಎಲ್ಲಿ?"

"ಕೊಟ್ಟೆ. ಅತ್ತಿಗೆಮ್ಮನಿಗೆ."

ಪಿಳ್ಳಮ್ಮ ಹಬ್ಬದ ದಿನ ತಲೆಗೆ ಎಣ್ಣೆ ಹಾಕಿಕೊಳ್ಳಲಿಲ್ಲ. ಪಕ್ಕದ ಮನೆಯ ಮುನಿವೆಂಕಟಮ್ಮ ಬಂದು ಬಾಗಿಲಲ್ಲಿ ಕೂತು, "ಹೊಸಕೋಟೆ ಕಡೆ ಮದುವೆಗೆ ಹೋಗಿದ್ದಾಗ ಕೇಳ್ದೆ ಕಣೇ. ಸಿಪಾಯಿ ಒಬ್ಬ ವಾರವಾರ ಬಂದು ಗೇಯ್ದು ಹೋಗ್ತಾನಂತೆ. ಗಂಡಿಲ್ಲದ ಮನೆ. ಜನ ಸುಮ್ಕಿರ್ತಾರಾ?" ಎಂದಳು. ಅತ್ತೆ ಮುತ್ಯಾಲಮ್ಮ ಒಳಗಿಂದ, "ನಿನ್ ಮನೆ ಒಲೆ ಮೇಲೆ ಏನೋ ಸೀದ ವಾಸ್ನೆ ಬತ್ತೈತೆ, ಹೋಗಿ ನೋಡ್ಕೋ" ಎಂದು ಅವಳನ್ನು ಎಬ್ಬಿಸಿ ಕಳಿಸಿದಳು. ಆದರೆ ಮಾತು ಪಿಳ್ಳಮ್ಮನ ಕಿವಿಗೆ ಬಿದ್ದಾಗಿತ್ತು.

ಮುಂದಿನ ಸೋಮವಾರ ಗೋಪಾಲಪ್ಪ ಹೊರಟ ಸ್ವಲ್ಪ ಹೊತ್ತಿಗೆ ಅವಳೂ ಹೊರಟಳು. ತವರಿಗೆ ಹೋಗಿ ಬರುತ್ತೇನೆ ಎಂದು ಅತ್ತೆಗೆ ಹೇಳಿದಳು. ಅವಳ ತವರು ಹೊಸಕೋಟೆಯ ಹತ್ತಿರವೇ ಇದ್ದುದರಿಂದ ಸುಳ್ಳು ಸುಲಭವಾಯಿತು. ಮುತ್ಯಾಲಮ್ಮ ಸೊಸೆಯ ಮುಖ ನೋಡಿ, "ಹೋಗ್ಬಾ. ಬೀದೀಲಿ ಮಾತ್ರ ಗಲಾಟೆ ಮಾಡ್ಬ್ಯಾಡ" ಎಂದಳು.

ತರಕಾರಿ ಗಾಡಿಯೊಂದು ಹೊಸಕೋಟೆಗೆ ಹೋಗುತ್ತಿತ್ತು. ಅದರಲ್ಲಿ ಕೂತು ಹೋದಳು, ಅಲ್ಲಿಂದ ನಡೆದಳು. ಅಲ್ಲಿ ಹೋಗಿ ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸುತ್ತಿದ್ದಳು. ನಿನ್ನ ಗಂಡ ಸತ್ತ, ಪಾಪ. ಅದಕ್ಕೆ ನನ್ನ ಗಂಡ ಬೇಕಾ? ಈ ಮಾತನ್ನು ಎಷ್ಟು ಸಲ ಹೇಳಿಕೊಂಡಳೆಂದರೆ ಅನುಗೊಂಡನಹಳ್ಳಿಯ ಹೊಲಗಳು ಕಾಣುವ ಹೊತ್ತಿಗೆ ಅದರ ಖಾರವೇ ಹೋಗಿ ಬರೀ ಶಬ್ದ ಉಳಿದಿತ್ತು.

ರಾಗಿ ತೆನೆ ಬಲಿತಿತ್ತು. ನಡುನಡುವೆ ಜೋಳದ ಸಾಲು. ಒಂದು ಹೊಲದ ಮಧ್ಯೆ ಬಿದಿರು ಕೋಲಿನ ತುದಿಯಲ್ಲಿ ಬಿಳಿಯ ಬಟ್ಟೆಯೊಂದು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಹೊಳಪಿನಿಂದಲೇ ಅದು ದೂರದಿಂದ ಗುರುತು ಸಿಕ್ಕಿತು. ಪಿಳ್ಳಮ್ಮ ನಿಂತುಬಿಟ್ಟಳು. ತಾನು ಮುಟ್ಟಿ ಮುಟ್ಟಿ ಮಡಿಸಿಟ್ಟ ರೇಷ್ಮೆಯನ್ನು ಇಲ್ಲಿ ಗುಬ್ಬಚ್ಚಿ ಓಡಿಸಲು ಕಟ್ಟಿದ್ದರು.

ಹೊಲ ಕಾಯುವ ಮಂಚಿಕೆಯ ಮೇಲೆ ಕವಣೆ ಹಿಡಿದು ಕೂತಿದ್ದ ಮುದುಕ ಅವಳನ್ನು ನೋಡಿದ. ಆವಲಪ್ಪನ ತಂದೆ ಅಪ್ಪಯ್ಯಣ್ಣ.

"ಯಾರವ್ವಾ?"

"ಬೂದಿಗೆರೆಯೋಳು. ಗೋಪಾಲಪ್ಪನ ಮನೆಯೋಳು."

ಮುದುಕ ಕವಣೆ ಕೆಳಗಿಟ್ಟು ನಿಧಾನವಾಗಿ ಇಳಿದು ಬಂದ. "ಬಾ ತಾಯಿ. ಅಗೋ, ಬೇಲಿ ಕಟ್ತಾವ್ನೆ. ಬ್ಯಾಡ ಅಂದ್ರೂ ಕೇಳಲ್ಲ. ಬತ್ತಾನೆ, ಸಂಜೆವರ್ಗೂ ಗೇಯ್ತಾನೆ, ಚಾವಡೀಲಿ ಮಲೀಕ್ಕಂತಾನೆ, ಹೋಯ್ತಾನೆ. ನನ್ ಸೊಸೆ ಒಳೀಕೆ ಸೇರ್ಸಲ್ಲ. ಒಂದ್ ಲೋಟ ನೀರೂ ಕೊಡಲ್ಲ. ನಾನೇ ಕೊಡೋದು."

ಹೊಲದ ಅಂಚಿನಲ್ಲಿ ಗೋಪಾಲಪ್ಪ ಜಾಲಿಮುಳ್ಳಿನ ಕೊಂಬೆಗಳನ್ನು ಕವೆಗೋಲಿನಿಂದ ಒತ್ತಿ ಒತ್ತಿ ಬೇಲಿಗೆ ಸೇರಿಸುತ್ತಿದ್ದ. ಮುಂಗೈಯಿಂದ ರಕ್ತ ಇಳಿದಿತ್ತು. ಅಷ್ಟು ದೂರದಲ್ಲಿ, ಹೊಲದಲ್ಲಿದ್ದ ಗುಡಿಸಲ ನೆರಳಿನಲ್ಲಿ, ಒಬ್ಬ ಹೆಂಗಸು ಅವನ ಕಡೆಗೆ ಬೆನ್ನು ಹಾಕಿ ಅವರೆಕಾಯಿ ಬಿಡಿಸುತ್ತಿದ್ದಳು.

ಅನುಸೂಯಮ್ಮ ಗಿಡ್ಡಗೆ, ಕಪ್ಪಗೆ ಇದ್ದಳು. ಮುಖದ ತುಂಬ ಸಿಡುಬಿನ ಕಲೆ. ವಯಸ್ಸು ಪಿಳ್ಳಮ್ಮನಿಗಿಂತ ಹತ್ತು ವರ್ಷವಾದರೂ ಹೆಚ್ಚು. ಪಿಳ್ಳಮ್ಮನಿಗೆ ಎದೆ ಹಗುರವಾಗಬೇಕಿತ್ತು. ಆಗಲಿಲ್ಲ. ಅಂದಕ್ಕೆ ಮರುಳಾಗಿ ಬಂದಿದ್ದರೆ ಗಂಡನನ್ನು ಬೈದು ಎಳೆದುಕೊಂಡು ಹೋಗಬಹುದಿತ್ತು. ನೀರೂ ಕೊಡದ ಹೆಂಗಸಿನ ಹೊಲದಲ್ಲಿ ಕೈ ಹರಿದುಕೊಳ್ಳುವಂಥದ್ದು ಇವನಿಗೆ ಏನಿದೆ? ತನಗೆ ತಿಳಿಯದ, ತನಗೆ ಪಾಲಿಲ್ಲದ ಏನೋ ಒಂದು. ಅದು ಇನ್ನೂ ಉರಿಸಿತು.

ಗೋಪಾಲಪ್ಪ ತಲೆಯೆತ್ತಿ ಹೆಂಡತಿಯನ್ನು ಕಂಡ. "ಪಿಳ್ಳಮ್ಮಾ? ನೀನ್ಯಾಕ್ ಬಂದೆ?"

"ನೀನ್ಯಾಕ್ ಬರ್ತಿದ್ಯೋ ಅದನ್ನ ಕೇಳಕ್ಕೆ." ಮದುವೆಯಾದಾಗಿನಿಂದ ಅವಳು ಗಂಡನನ್ನು ಏಕವಚನದಲ್ಲಿ ಕರೆದಿರಲಿಲ್ಲ. "ನಮ್ಮನೇಲಿ ಹಿತ್ಲು ಬೇಲಿ ಬಿದ್ದು ಮೂರ್ ತಿಂಗ್ಳಾಯ್ತು. ಅದನ್ನ ನಾನೇ ಎತ್ತಿ ಕಟ್ದೆ. ನನಗೆ ಅಂತ ಒಂದ್ ಮಾತಿಲ್ಲ, ಒಂದ್ ನಗೂ ಇಲ್ಲ, ಒಂದ್ ತುಂಡ್ ಬಟ್ಟೆ ಇಲ್ಲ. ಎಲ್ಲಾ ಇಲ್ಲಿಗೆ. ಇಲ್ಲಿ ಇವ್ರಿಗೂ ಬೇಡ, ಗುಬ್ಬಚ್ಚಿ ಓಡ್ಸಕ್ಕೆ ಕಟ್ಟವ್ರೆ!"

ಅವರೆಕಾಯಿ ಬಿಡಿಸುತ್ತಿದ್ದ ಕೈ ನಿಂತಿತು. ಅನುಸೂಯಮ್ಮ ತಿರುಗಿ ಪಿಳ್ಳಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಹಣೆಯ ಕುಂಕುಮ, ಕೈಯ ಹಸಿರು ಬಳೆ, ಎಲ್ಲವನ್ನೂ.

"ನಿನಗೆ ಬೇಕಿದ್ರೆ ಬಿಚ್ಕೊಂಡು ಹೋಗಮ್ಮ ಆ ಬಟ್ಟೇನ," ಎಂದಳು. "ನನ್ ಗಂಡ ನಂಗೆ ಅಂತ ಎತ್ತಿಟ್ಟಿದ್ರಂತೆ. ಮೊದಲ್ನೇ ಸಲ ಹಾರಿದ್ ಕೊಡೇದು. ನಾನು ಕೊಡೆ ಕೇಳಿದ್ನಾ? ರೆಕ್ಕೆ ಕೇಳಿದ್ನಾ? ನಿನ್ ಗಂಡನ್ನೂ ಕರ್ಕೊಂಡು ಹೋಗು. ಇವನ ಮುಖ ಕಂಡ್ರೆ ನಂಗೆ ಆಗಲ್ಲ. ಇಬ್ರು ಒಟ್ಟಿಗೆ ಹೋದ್ರು. ಇವನು ಬಂದ. ವಾರವಾರ ಬಂದು, ನೋಡು ನಾನು ಬದುಕಿದೀನಿ ಅಂತ ತೋರಿಸ್ತಾನೆ."

"ಅತ್ತಿಗೆಮ್ಮಾ..." ಎಂದ ಗೋಪಾಲಪ್ಪ.

"ಬಾಯ್ ಬಿಟ್ರೆ ಅತ್ತಿಗೆಮ್ಮ! ಕೇಳಿದ್ದಕ್ಕೆ ಮಾತ್ರ ಉತ್ರ ಇಲ್ಲ. ಮೊದಲ್ನೇ ದಿನಾನೇ ಕೇಳ್ದೆ. ಅವ್ರಿಗೆ ಗಾಯ ಆಗಿತ್ತಾ ಅಂತ. 'ಧೈರ್ಯವಾಗಿ ಸತ್ರು' ಅಂತಾನೆ. ಅದನ್ನ ಸರ್ಕಾರದೋರೂ ಬರೆದಿದ್ರು. ಗಾಯ ಆಗಿತ್ತಾ, ನಡ್ಯಕ್ಕೆ ಆಗ್ತಿರ್ಲಿಲ್ವಾ, ಅಷ್ಟು ಹೇಳು ಅಂದ್ರೆ ನೆಲ ನೋಡ್ತಾನೆ."

ಪಿಳ್ಳಮ್ಮ ಗಂಡನ ಕಡೆ ತಿರುಗಿದಳು. ಅವನು ಆಗಲೂ ನೆಲವನ್ನೇ ನೋಡುತ್ತಿದ್ದ. ಬೈಯಲು ಬಂದವಳಿಗೆ ಒಮ್ಮೆಗೇ ಅನಿಸಿತು: ಈ ಹೆಂಗಸಿಗೂ ಇವನು ಏನನ್ನೂ ಕೊಟ್ಟಿಲ್ಲ. ಇಬ್ಬರನ್ನೂ ಹೊರಗೇ ನಿಲ್ಲಿಸಿದ್ದಾನೆ.

"ಹೇಳಿ," ಎಂದಳು. "ನಂಗೂ ಕೇಳ್ಬೇಕು. ಹೇಳ್ದೆ ನಾನಿಲ್ಲಿಂದ ಏಳಲ್ಲ." ಎಂದು ಅಲ್ಲೇ ಮಣ್ಣಿನ ಮೇಲೆ ಕೂತಳು.

ಗೋಪಾಲಪ್ಪ ಕವೆಗೋಲನ್ನು ಬೇಲಿಗೆ ಒರಗಿಸಿದ. ಮುದುಕನ ಮುಖ ನೋಡಿದ. ಅಪ್ಪಯ್ಯಣ್ಣ, "ಹೇಳಪ್ಪಾ, ನಾನೂ ಕೇಳೇ ಸಾಯ್ತೀನಿ" ಎಂದ.

"ಹಾರೋದು ಕಲ್ಸಿದ್ರು," ಎಂದು ಗೋಪಾಲಪ್ಪ ಶುರು ಮಾಡಿದ. "ಆದ್ರೆ ಆ ಗುಡ್ಡಕ್ಕೆ ನಡ್ಕೊಂಡೇ ಹೋದ್ವಿ. ಮಣಿಪುರದಿಂದ ಆಚೆ, ಬರ್ಮಾ ಕಡೆ. ಜಪಾನಿನೋರು ಇಷ್ಟು ಬೇಗ ಬತ್ತಾರೆ ಅಂತ ಯಾರ್ಗೂ ಗೊತ್ತಿರ್ಲಿಲ್ಲ. ನಾವು ಸ್ವಲ್ಪ ಜನ. ಅವ್ರು ನಾಕು ಕಡೆಯಿಂದ. ಅಗೆಯೋಣ ಅಂದ್ರೆ ಮೊಣಕಾಲಾಳಕ್ಕೇ ಬಂಡೆ ಸಿಗೋದು. ಗುಡ್ಡದ ಮೇಲೆ ನೀರಿಲ್ಲ. ನಮ್ಗೆ ಅಂತ ವಿಮಾನದೋರು ಊಟ, ಗುಂಡು, ನೀರು ಕೊಡೆ ಕಟ್ಟಿ ಬಿಡೋರು. ಗಾಳಿಗೆ ತೇಲ್ಕೊಂಡು ಹೋಗಿ ಅವ್ರ ಕಡೆ ಬೀಳೋವು. ಕಣ್ಮುಂದೆ ಬೀಳೋವು. ಅಡಿಗೆಯೋರು, ಗುಮಾಸ್ತರು, ಎಲ್ರೂ ಬಂದೂಕು ಹಿಡಿದ್ರು. ಅವ್ರು ಹಗ್ಲೂ ಬಂದ್ರು, ರಾತ್ರೀನೂ ಬಂದ್ರು. ಒಂದ್ ಸಲ ನಾವು ತೋಡ್ಕೊಂಡಿದ್ದ ಹಳ್ಳದೊಳೀಕೇ ಬಂದ್ಬಿಟ್ರು. ಆವ್ಲಣ್ಣ ಸನಿಕೇಲಿ ಹೊಡೆದು ಓಡ್ಸಿದ. ಯಾರೂ ಜಾಗ ಬಿಡ್ಲಿಲ್ಲ. ಆಫೀಸರ್ ಸತ್ರೆ ಹವಾಲ್ದಾರ್ರು ನಿಂತ್ರು, ಹವಾಲ್ದಾರ್ರು ಸತ್ರೆ ಸಿಪಾಯಿ ನಿಂತ. ನಾವು ಅಲ್ಲಿ ತಡೆದಿದ್ದಕ್ಕೆ ಹಿಂದಿದ್ದ ಪಟ್ಟಣ ಉಳೀತು ಅಂತ ಆಮೇಲೆ ದೊಡ್ಡೋರು ಹೇಳಿದ್ರು. ಆವಾಗ ನಮ್ಗೆ ಅದೇನೂ ಗೊತ್ತಿರ್ಲಿಲ್ಲ. ಪಕ್ಕದೋನು ನಿಂತವ್ನೆ, ನಾನೂ ನಿಂತೀನಿ, ಅಷ್ಟೇ."

ಅವನು ತೊಡೆ ಮುಟ್ಟಿಕೊಂಡ.

"ಕೊನೇ ದಿನ ನಂಗೆ ಇಲ್ಲಿ ಗುಂಡು ಬಿತ್ತು. ಗುಡ್ಡ ಬಿಟ್ಟು ಹೊರಡಿ ಅಂತ ಆರ್ಡರ್ ಬಂತು. ನಡೆಯಕ್ಕಾಗದೋರ್ನ ಹೊತ್ಕೊಂಡು ಕಣಿವೇಲಿ ಇಳೀಬೇಕು. ಅವ್ರು ಇಳಿಯೋವರ್ಗೂ ಮೇಲೆ ಯಾರಾದ್ರೂ ಮೆಷಿನ್‌ಗನ್ ಇಟ್ಕೊಂಡು ತಡೀಬೇಕು. ಆ ಗನ್ನು ನಂದೂ ಆವ್ಲಣ್ಣಂದೂ. ನಾನಂದೆ, ನನ್ ಕಾಲು ಹೋಗೈತೆ, ನಾನಿರ್ತೀನಿ, ನೀನ್ ಹೋಗು ಅಂತ."

"ಅವ್ರಿಗೆ ಗಾಯ ಆಗಿತ್ತಾ?" ಎಂದಳು ಅನುಸೂಯಮ್ಮ.

ಗೋಪಾಲಪ್ಪ ಈ ಸಲ ನೆಲ ನೋಡಲಿಲ್ಲ. "ಇಲ್ಲ ಅತ್ತಿಗೆಮ್ಮ. ಒಂದ್ ಗೀರೂ ಇರ್ಲಿಲ್ಲ."

ಜೋಳದ ಮೇಲೆ ಗಿಳಿಗಳ ಹಿಂಡು ಬಂದು ಕೂತಿತು, ಮುದುಕ ಓಡಿಸಲಿಲ್ಲ.

"'ನಿನ್ ಕೈ ನಡುಗ್ತೈತೆ, ನಿನ್ ಕೈಲಿ ತಡ್ಯಕ್ಕಾಗಲ್ಲ, ಎಲ್ರೂ ಸಾಯ್ತಾರೆ' ಅಂದ. ನನ್ನ ಎತ್ತಿ ಒಬ್ಬ ಪಂಜಾಬಿ ಬೆನ್ನಿಗೆ ಹಾಕ್ದ. ತನ್ನ ನೀರಿನ ಬಾಟ್ಲಿ ಬಿಚ್ಚಿ ನನ್ ಕೊರಳಿಗೆ ಹಾಕ್ದ, ಸ್ಟ್ರೆಚರ್‌ನೋರಿಗೆ ಕುಡ್ಸು ಅಂತ. ಕಣಿವೆ ತಳ ಸೇರೋವರ್ಗೂ ಗನ್ನಿನ ಶಬ್ದ ಕೇಳ್ತಾನೇ ಇತ್ತು. ಆಮೇಲೆ ನಿಂತೋಯ್ತು. ಗಾಯ ಆದೋರಲ್ಲಿ ಎಲ್ರೂ ಬದುಕ್ಲಿಲ್ಲ. ಅರ್ಧಕ್ಕಿಂತ ಜಾಸ್ತಿ ಬದುಕಿದ್ರು."

"ನನ್ ಬಗ್ಗೆ ಏನಂದ್ರು?"

ಸುಳ್ಳು ಹೇಳಬಹುದಿತ್ತು. ಹೇಳಲಿ ಎಂದು ಪಿಳ್ಳಮ್ಮನಿಗೇ ಅನಿಸಿತು. ಒಂದು ಮಾತು, ಏನಾದರೂ.

"ಏನೂ ಅನ್ಲಿಲ್ಲ ಅತ್ತಿಗೆಮ್ಮ. ಹೊತ್ತಿರ್ಲಿಲ್ಲ."

ಅನುಸೂಯಮ್ಮ ಮೊರವನ್ನು ಪಕ್ಕಕ್ಕೆ ತಳ್ಳಿ ಎದ್ದಳು. "ನೋಡಿದ್ಯಾ ಮಾವ? ನಂಗೆ ಮೊದ್ಲೇ ಗೊತ್ತಿತ್ತು. ಕಾಲಿತ್ತು, ಕೈಯಿತ್ತು, ಬರ್ಬೋದಿತ್ತು. ಅವ್ರಿಗೋಸ್ಕರ ಉಳ್ಕೊಂಡ್ರು. ಪಂಜಾಬಿಯಂತೆ, ಇನ್ಯಾರೋ ಅಂತೆ, ಅವ್ರಿಗೆಲ್ಲ ನೀರು ಕೊಟ್ರು. ನಾನ್ಯಾರು? ಹದಿಮೂರು ವರ್ಷ ಸಂಸಾರ ಮಾಡ್ದೆ. ಅವ್ರ ಜೊತೆ ಎರಡು ವರ್ಷ. ಗೆದ್ದೋರು ಅವ್ರು." ಗುಡಿಸಲ ಕಂಬ ಹಿಡಿದುಕೊಂಡಳು. "ಆ ಗುಡ್ಡದ ಮೇಲೆ ಹೆಂಗಸೊಬ್ಳು ಇದ್ದಿದ್ರೆ ಕೂದ್ಲು ಹಿಡ್ಕೊಂಡು ಜಗಳ ಆಡ್ತಿದ್ದೆ. ಯಾರ ಮೇಲೆ ಜಗಳ ಆಡ್ಲಿ ನಾನು?"

ಅಪ್ಪಯ್ಯಣ್ಣ ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡ. ಪಿಳ್ಳಮ್ಮನಿಗೆ ಆ ಮಾತು ಬಂದು ತಾಗಿದ್ದು ಎದೆಯ ಮಧ್ಯಕ್ಕೆ. ಕೆರೆ ಏರಿಯ ಮೇಲೆ ಗಂಡ ಕಾಣೆಯಾಗುವವರೆಗೆ ನೋಡುತ್ತಿದ್ದಾಗ ತನಗೆ ಆಗುತ್ತಿದ್ದುದು ಇದೇ. ಅದಕ್ಕೆ ಅವಳು ಒಂದು ಕೆಂಪು ಮೈಬಣ್ಣ, ಉದ್ದ ಕೂದಲು ಕೊಟ್ಟುಕೊಂಡಿದ್ದಳು. ಈ ಹೆಂಗಸಿಗೆ ಅಷ್ಟೂ ಅನುಕೂಲವಿರಲಿಲ್ಲ.

ಅವಳು ಗಂಡನನ್ನು ಕೇಳಿದಳು, ಮೆಲ್ಲಗೆ. "ನಿಮ್ ಕಾಲು ಸರಿಯಿದ್ದು, ಆವ್ಲಣ್ಣಂಗೆ ಗುಂಡು ಬಿದ್ದಿದ್ರೆ?"

"ನಾನಿರ್ತಿದ್ದೆ," ಎಂದ ಗೋಪಾಲಪ್ಪ. ಒಂದು ಕ್ಷಣವೂ ಯೋಚಿಸಲಿಲ್ಲ.

"ನನ್ನ ನೆನೆಸ್ಕೊಳ್ದೇನೇ?"

ಅವನು ಬೇಲಿಗೆ ಒರಗಿಸಿದ್ದ ಕವೆಗೋಲನ್ನು ಕೈಗೆತ್ತಿಕೊಂಡ. ಅದೇ ಉತ್ತರವೆಂದು ಅವಳಿಗೆ ತಿಳಿಯಿತು. ಅನುಸೂಯಮ್ಮನಿಗೂ ತಿಳಿಯಿತು. ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿದರು.

"ಬದುಕಿ ಬಂದವ್ನೆ, ಅಷ್ಟಕ್ಕೇ ಕೈಮುಗಿ," ಎಂದಳು ಅನುಸೂಯಮ್ಮ. ಅದರಲ್ಲಿ ಒಲವು ಇರಲಿಲ್ಲ. "ನಿನ್ನ ಕಂಡ್ರೆ ನಂಗೆ ಹೊಟ್ಟೆ ಉರೀತೈತೆ ಕಣಮ್ಮ. ಸುಳ್ಳು ಯಾಕೆ ಹೇಳ್ಲಿ? ನೀನು ಅವನ ಮೇಲೆ ಕೂಗಾಡಿದ್ಯಲ್ಲ, ಅದನ್ನ ನೋಡಿ ಉರೀತು. ನಂಗೆ ಕೂಗಾಡಕ್ಕೂ ಯಾರೂ ಇಲ್ಲ."

ಆದರೂ ಅಂದು ಅವಳು ಅವರನ್ನು ಹಸಿದು ಕಳಿಸಲಿಲ್ಲ. ಗುಡಿಸಲಿನಲ್ಲಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಗೋಪಾಲಪ್ಪನ ಎಲೆಗೆ ಬಡಿಸುವಾಗ ಮುಖ ಪಕ್ಕಕ್ಕೆ ತಿರುಗಿಸಿಕೊಂಡಿದ್ದಳು. ಊಟವಾದ ಮೇಲೆ, "ಇನ್ನು ನೀನು ಬರ್ಬ್ಯಾಡಪ್ಪ," ಎಂದಳು. "ಕೇಳ್ಬೇಕಾದ್ದು ಕೇಳಿದೆ. ಬೇಲಿ ನಮ್ ಮಾವ ಮುಗಿಸ್ತಾನೆ. ನೀನು ನಿನ್ ಮನೆ ಹಿತ್ಲ ಬೇಲಿ ನೋಡ್ಕೋ."

ಗೋಪಾಲಪ್ಪ ಬಗ್ಗಿ ಮುದುಕನ ಕಾಲು ಮುಟ್ಟಿದ. ಅವಳ ಕಾಲು ಮುಟ್ಟಲು ಹೋದಾಗ ಅವಳು ಹಿಂದೆ ಸರಿದಳು.

ಆ ರಾತ್ರಿ ಪಿಳ್ಳಮ್ಮನ ತವರಿನಲ್ಲಿ ಉಳಿಯುವುದೆಂದು ಗಂಡ ಹೆಂಡತಿ ತಿರುಗಿ ಹೊರಟರು. ಹೊಸಕೋಟೆ ಕೆರೆಯ ಏರಿಯ ಮೇಲೆ ಬರುವಾಗ ಗೋಪಾಲಪ್ಪನೇ ಬಾಯಿ ಬಿಟ್ಟ. ಆ ಪಂಜಾಬಿಯ ಹೆಸರು ಹೇಳಿದ. ಅವನು ಕಣಿವೆ ಇಳಿಯುವಾಗ ಅಳುತ್ತಿದ್ದುದನ್ನು ಹೇಳಿದ. ಗಾಯವಾಗಿ ಸ್ಟ್ರೆಚರ್ ಮೇಲಿದ್ದ ಹುಡುಗನೊಬ್ಬ ನೀರು ಕುಡಿದು, ಬಾಟಲಿಯನ್ನು ಪಕ್ಕದವನಿಗೆ ಕೊಡುವ ಮೊದಲು ಅದರ ಬಾಯಿಯನ್ನು ತೋಳಿನಿಂದ ಒರೆಸಿದ್ದನ್ನು ಹೇಳಿದ. ಪಿಳ್ಳಮ್ಮ ಕೇಳುತ್ತ ನಡೆದಳು. ಆ ಸತ್ತವರ ಮೇಲೆ ಮರುಕ ಬಂತು, ಅದರ ಜೊತೆಯಲ್ಲೇ ಹೊಟ್ಟೆಕಿಚ್ಚೂ ಬಂತು. ಅವರಿಗೆ ಸಿಕ್ಕಿದ್ದ ಗೋಪಾಲಪ್ಪ ತನಗೆ ಎಂದೂ ಪೂರ್ತಿ ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ಆದರೆ ಮಾತು ನಿಲ್ಲಿಸಬೇಡಿ ಎಂದಳು, ದಾರಿ ಮುಗಿಯುವವರೆಗೆ ಹೇಳುತ್ತಲೇ ಇರಿ ಎಂದಳು.

ಅದಾದ ಮೇಲೆ ಸೋಮವಾರಗಳಲ್ಲಿ ಅವನು ಮನೆಯಲ್ಲೇ ಇರುತ್ತಿದ್ದ. ಏನು ಮಾಡಬೇಕೆಂದು ತೋಚದೆ ಹಿತ್ತಲಿಗೂ ಬಾಗಿಲಿಗೂ ಓಡಾಡುತ್ತಿದ್ದ. ರಾಗಿ ಕೊಯ್ಲಿನ ಹೊತ್ತಿಗೆ ಅಪ್ಪಯ್ಯಣ್ಣ ಜ್ವರ ಹಿಡಿದು ಮಲಗಿದ್ದಾನೆಂದು ಯಾರೋ ಹೇಳಿದರು. ಗೋಪಾಲಪ್ಪ ಬೂಟಿನ ಕಡೆ ನೋಡಿದ.

"ನೀವು ಬ್ಯಾಡ," ಎಂದಳು ಪಿಳ್ಳಮ್ಮ. "ನಿಮ್ಮನ್ನ ಬರ್ಬ್ಯಾಡ ಅಂದವ್ರೆ. ನನ್ನ ಅಂದಿಲ್ಲ."

ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬಳೇ ಹೋದಳು. ಅನುಸೂಯಮ್ಮ ಹೊಲದಲ್ಲಿ ಒಬ್ಬಳೇ ಕೊಯ್ಯುತ್ತಿದ್ದಳು. ಬಾ ಎನ್ನಲಿಲ್ಲ, ಯಾಕೆ ಬಂದೆ ಎಂದೂ ಕೇಳಲಿಲ್ಲ. ಪಕ್ಕದ ಸಾಲನ್ನು ಗದ್ದದಿಂದ ತೋರಿಸಿದಳು. ಇಬ್ಬರೂ ಬಗ್ಗಿದರು. ಪಿಳ್ಳಮ್ಮ ಬೂದಿಗೆರೆಯಲ್ಲಿ ಕೊಯ್ಲಿಗೆ ಹೆಸರಾದವಳು, ಅವಳ ಸಮಕ್ಕೆ ಯಾರೂ ಬರುತ್ತಿರಲಿಲ್ಲ. ಬಿಸಿಲೇರುವ ಮುಂಚೆಯೇ ಈ ಗಿಡ್ಡ ಹೆಂಗಸು ಎರಡು ಮಾರು ಮುಂದೆ ಹೋಗಿದ್ದಳು. ಕೊಯ್ದ ರಾಗಿಯನ್ನು ಹಿಡಿಹಿಡಿಯಾಗಿ ಹಿಂದಕ್ಕೆ ಹಾಕುತ್ತ, ತಲೆಯೆತ್ತದೆ, ಉಸಿರು ಬಿಡದೆ ಸಾಗುತ್ತಿದ್ದಳು. ಸಾಲು ಮುಗಿಸಿ, ಸೊಂಟಕ್ಕೆ ಕೈ ಕೊಟ್ಟು ನೆಟ್ಟಗೆ ನಿಂತು, ಹಿಂದೆ ಉಳಿದವಳನ್ನು ನೋಡಿದಳು.

"ನಿಮ್ಮೂರಲ್ಲಿ ಹಿಂಗೇನಾ ಕೊಯ್ಯೋದು?" ಎಂದಳು.

ಪಿಳ್ಳಮ್ಮನ ಮುಖ ಕೆಂಪಾಯಿತು. ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು, ಕುಡುಗೋಲನ್ನು ಬುಡಕ್ಕೆ ಹಾಕಿದಳು.